ಮಕ್ಕಳನ್ನು ಒಳಗೆ ಕೂರಿಸುವ ಕೆಲಸ

ಜುಲೈ 13, ಭಾನುವಾರ

ಹದಿನೇಳು ಆಟಗಳನ್ನು ಬರೆದಿಟ್ಟುಕೊಂಡಿದ್ದೇನೆ. ಒಂಬತ್ತು ದಿನಕ್ಕೆ ಹದಿನೇಳು ಸಾಕಾಗುತ್ತದೋ ಇಲ್ಲವೋ ಎಂದು ಬೆಳಿಗ್ಗೆಯಿಂದ ಪಟ್ಟಿಯನ್ನು ಮತ್ತೆ ಮತ್ತೆ ಎಣಿಸುತ್ತಿದ್ದೇನೆ.

ಕುದ್ರುವಿಗೆ ಬಂದು ಮುಟ್ಟಿದೆ. ಹೊಳೆಯ ನಡುವಿನ ಈ ತುಂಡು ನೆಲ ನಮ್ಮ ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಇಪ್ಪತ್ತಮೂರು ವರ್ಷ ಮಂಗಳೂರಿನಲ್ಲೇ ಇದ್ದರೂ ಒಮ್ಮೆಯೂ ಬಂದವಳಲ್ಲ. ಬೇಸಿಗೆಯಲ್ಲಿ ಹಲಗೆಯ ಕಾಲುಸಂಕ ಇರುತ್ತದಂತೆ. ಮಳೆ ಹಿಡಿಯುವ ಮೊದಲು ಇಲ್ಲಿನವರೇ ಅದನ್ನು ಬಿಚ್ಚಿ ಹಲಗೆಗಳನ್ನು ಎತ್ತಿಡುತ್ತಾರೆ, ಇಲ್ಲದಿದ್ದರೆ ಹೊಳೆ ಒಯ್ಯುತ್ತದೆ. ಈಗ ದೋಣಿಯೊಂದೇ ದಾರಿ. ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ.

“ಟೀಚರೆ, ಕಣ್ಣು ಮುಚ್ಚಿದ್ರೆ ಹೊಳೆ ಸಣ್ಣದಾಗುದಿಲ್ಲ” ಎಂದರು ದೋಣಿಯ ಕಜೆಟನ್. ನಾನು ಕೆಲಸಕ್ಕೆ ಸೇರಿದ ಇಲ್ಲಿನ ಹೋಮ್‌ಸ್ಟೇಯಲ್ಲಿ ಅಡುಗೆಯೂ ಅವರದೇ. ಐವತ್ತೈದರ ಮೇಲಿರಬಹುದು, ಮುಂಗೈಯ ನರಗಳು ಹಗ್ಗದಂತೆ ಎದ್ದಿವೆ.

ಮಾಲಕಿ ಲಿಡಿಯಾ ಬಾಯಿ ಕೆಲಸ ವಿವರಿಸಿದರು. “ಗಲ್ಫಿನವರಿಗೆ ಶಾಲೆ ರಜೆ ಸಿಕ್ಕುದೇ ಈ ಜುಲೈಯಲ್ಲಿ. ಮಳೆ ನೋಡ್ಬೇಕು ಅಂತ ಬರ್ತಾರೆ. ಎರಡು ದಿನದಲ್ಲಿ ಮಕ್ಕಳು ಗೋಡೆ ಹತ್ಲಿಕ್ಕೆ ಶುರು. ನೀನು ಅವರನ್ನು ಒಳಗೆ ಕೂರಿಸ್ಬೇಕು, ಅಷ್ಟೆ. ಹೊಳೆ ಹತ್ರ ಬಿಡ್ಲಿಕ್ಕಿಲ್ಲ. ಬೇರೆ ರೂಲ್ ಎಂತ ಇಲ್ಲ.”

ತಲೆ ಆಡಿಸಿದೆ.

“ನಿಂಗೆ ಬಾಯಿ ಉಂಟಲ್ಲ ಮಾರಾಯ್ತಿ?”

ಅದಕ್ಕೂ ತಲೆ ಆಡಿಸಿದೆ.

ಬಲ್ಮಠದ ಕಾಲೇಜಿನಲ್ಲಿ ಸಾಹಿತ್ಯದ ಎಂ.ಎ. ಮುಗಿಸಿ ವರ್ಷವಾಯಿತು. ಎರಡು ಶಾಲೆಗಳಲ್ಲಿ ಮಾದರಿ ಪಾಠಕ್ಕೆ ನಿಂತಾಗ ನನ್ನ ಧ್ವನಿ ಮೂರನೇ ಬೆಂಚಿನವರೆಗೂ ಹೋಗಲಿಲ್ಲ. ಇಲ್ಲಿ ಇಬ್ಬರೇ ಮಕ್ಕಳು. ಆದರೂ ದೋಣಿಕಟ್ಟೆಯ ಮೆಟ್ಟಿಲು ಎಣಿಸಿ ಬಂದೆ. ಏಳರಲ್ಲಿ ಐದು ನೀರಿನ ಮೇಲಿವೆ. ನನ್ನಿಂದ ಯಾರಿಗೂ ಏನೂ ಆಗಬಾರದು. ದಿನಾ ದೀಪದ ಮುಂದೆ ನಾನು ಬೇಡುವುದು ಇಷ್ಟನ್ನೇ.

ಜುಲೈ 14, ಸೋಮವಾರ

ಅವರು ಬಂದರು. ತಂದೆ ಇಮ್ತಿಯಾಝ್, ಸೌದಿಯ ಜುಬೈಲಿನ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ದೋಣಿಗೆ ಕಾಲಿಡುವ ಮೊದಲೇ ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿ ಕರೆತಂದರು. ತಾಯಿ ಮುಮ್ತಾಝ್. ಹನ್ನೊಂದರ ಸಫಾ, ಆರರ ಹನಾನ್. ಕಾಟಿಪಳ್ಳದ ಅವರ ಮನೆಯ ಮಾಡು ಸೋರಿ, ರಿಪೇರಿಗೆ ಬಿಚ್ಚಿ, ಮಳೆಯಿಂದ ಕೆಲಸ ಅರ್ಧಕ್ಕೇ ನಿಂತಿದೆಯಂತೆ. ಅದಕ್ಕೇ ಈ ಕುದ್ರು.

ಅವರ ಕೋಣೆಯನ್ನು ಲಿಡಿಯಾ ಬಾಯಿ ಗಲ್ಫಿನವರಿಗೆಂದೇ ಮಾಡಿಸಿದ್ದು. ಎ.ಸಿ., ಹೆಂಚಿನ ಕೆಳಗೆ ಬಿಳಿ ಸೀಲಿಂಗ್, ರಬ್ಬರ್ ಅಂಚಿನ ಜಾರುವ ಗಾಜಿನ ಕಿಟಕಿ. ಮುಚ್ಚಿದರೆ ಮಳೆಯ ಸದ್ದೂ ಒಳಗೆ ಬಾರದು.

ನನ್ನ ಹದಿನೇಳು ಆಟಗಳು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದವು. ಚೆನ್ನೆಮಣೆಯಲ್ಲಿ ಸಫಾ ನನ್ನನ್ನು ಎರಡು ಸಲ ಸೋಲಿಸಿದಳು. ಕಾಗದದ ದೋಣಿಯನ್ನು ಹನಾನ್ ನನಗಿಂತ ಚೆನ್ನಾಗಿ ಮಡಚುತ್ತಾಳೆ. ನಾನು ಪಟ್ಟಿ ತಿರುಗಿಸಿ ನೋಡುತ್ತಿದ್ದಾಗ ಸಫಾ ಸಮಾಧಾನ ಹೇಳಿದಳು.

“ಟೀಚರ್, ಟೆನ್ಶನ್ ಮಾಡ್ಬೇಡಿ. ನಮ್ಮಲ್ಲಿ ಈಗ ಫಿಫ್ಟಿ ಡಿಗ್ರಿ. ಮೂರು ತಿಂಗಳು ಹೊರಗೆ ಹೋಗ್ಲಿಕ್ಕೇ ಇಲ್ಲ. ಒಳಗೆ ಆಡುದು ನಮಗೆ ಗೊತ್ತುಂಟು.”

ಆಮೇಲೆ ಅವರೇ ನನಗೆ ಕಲಿಸಿದರು. ಕುರ್ಚಿಗಳನ್ನು ಎರಡು ಸಾಲು ಇಟ್ಟರೆ ವಿಮಾನ. ಹನಾನ್ ಟ್ರೇ ಹಿಡಿದು ಗಗನಸಖಿ. ಲೋಟವನ್ನು ಬಾಯಿಗಿಟ್ಟು ಕ್ಯಾಪ್ಟನ್ ಘೋಷಣೆ ಮಾಡಬೇಕು. ಲೋಟ ನನ್ನ ಕೈಗೆ ಬಂದಾಗ ಅದನ್ನು ಪಕ್ಕದ ಕುರ್ಚಿಯ ಮೇಲೆ ಇಟ್ಟುಬಿಟ್ಟೆ.

“ಈ ವಿಮಾನಕ್ಕೆ ಕ್ಯಾಪ್ಟನ್ ಇಲ್ಲ, ಎಲ್ಲ ಇಳೀರಿ” ಎಂದಳು ಹನಾನ್.

ನೀರಿನ ಮೇಲೆ ಮೆಟ್ಟಿಲು ನಾಲ್ಕು. ಮಕ್ಕಳು ಮತ್ತು ಹೊಳೆಯ ನಡುವೆ ನಾನೇ ಕುರ್ಚಿ ಹಾಕಿಕೊಂಡು ಕೂತಿದ್ದೇನೆ.

ಜುಲೈ 16, ಬುಧವಾರ

ಕರೆಂಟು ಹೋಗಿ ಒಂದೂವರೆ ದಿನ. ಮಳೆ ಒಂದು ಗಳಿಗೆ ಬಿಟ್ಟಿಲ್ಲ. ಹನಾನ್ ಆಕಾಶ ನೋಡಿ ಕೇಳಿದಳು, “ಇದನ್ನು ಆಫ್ ಮಾಡುದು ಎಲ್ಲಿ?”

ಆದರೆ ಇವತ್ತು ನನಗೊಂದು ಒಳ್ಳೆಯ ದಿನ. ಬರೆದಿಡಬೇಕು.

ಮುಮ್ತಾಝ್ ಮಕ್ಕಳ ಬಟ್ಟೆ ಹಿಡಿದು ಜಗಲಿಯಲ್ಲಿ ನಿಂತಿದ್ದರು. ಮೂರು ದಿನವಾದರೂ ಒಂದೂ ಒಣಗಿಲ್ಲ, ಮುಗ್ಗಲು ವಾಸನೆ. “ಅಲ್ಲಿ ಹತ್ತು ನಿಮಿಷಕ್ಕೆ ಒಣಗ್ತದೆ, ಇಲ್ಲಿ ಹತ್ತು ದಿನಕ್ಕೂ ಇಲ್ಲ. ಇನ್ನು ಮಕ್ಕಳಿಗೆ ಹಾಕುದು ಎಂತ?”

ಆಗ ನಾನು ಮಾತಾಡಿದೆ. ಯಾರೂ ಕೇಳದೆ, ನಾನಾಗಿ. ಅಪ್ಪ ವಿಠಲ ಭಟ್ಟರು ಸಣ್ಣ ದೇವಸ್ಥಾನವೊಂದರಲ್ಲಿ ಪೂಜೆಗೆ ಇರುವವರು. ಆಟಿ ತಿಂಗಳ ಮಳೆಯಲ್ಲೂ ಅವರಿಗೆ ದಿನಾ ಒಣಗಿದ ಮಡಿಪಂಚೆ ಬೇಕು. ಅಮ್ಮ ತಟ್ಟೆಯಲ್ಲಿ ತೆಂಗಿನ ಗೆರಟೆಯ ಕೆಂಡ ಇಟ್ಟು, ಮೇಲೆ ಬುಟ್ಟಿ ಕವುಚಿ, ಪಂಚೆ ಹರಡುತ್ತಾರೆ. ಅರ್ಧ ಗಂಟೆಯಲ್ಲಿ ಗರಿಗರಿ. ಇದನ್ನೆಲ್ಲ ಮುಮ್ತಾಝ್‌ಗೆ ಹೇಳಿದೆ.

ಅವರ ಮುಖ ಅರಳಿತು. “ನಾವು ಬಟ್ಟೆಗೆ ಪರಿಮಳದ ಊದ್ ಹಾಕುದೂ ಹೀಗೇ ಅಲ್ವಾ, ಕೆಂಡದ ಮೇಲೆ. ಎಂತ ಹುಡುಗಿ ನೀನು, ಇಷ್ಟು ದಿನ ಬಾಯಿ ಮುಚ್ಚಿ ಕೂತದ್ದು.”

ಕಜೆಟನ್ ಗೆರಟೆ ಸುಟ್ಟು ಕೆಂಡ ತಂದರು. ಜಗಲಿಯಲ್ಲಿ ಬುಟ್ಟಿ ಇಟ್ಟೆವು. ಮುಮ್ತಾಝ್ ತಮ್ಮ ಡಬ್ಬಿಯಿಂದ ಊದಿನ ಚೂರು ಹಾಕಿದರು. ಮನೆಯೆಲ್ಲ ಪರಿಮಳ. ಹನಾನ್ ಬೆಚ್ಚಗಿನ ಫ್ರಾಕನ್ನು ಕೆನ್ನೆಗೆ ಒತ್ತಿಕೊಂಡು ನನ್ನ ಮಡಿಲಲ್ಲಿ ಬಂದು ಕೂತಳು.

ಸಂಜೆ ಗಾಳಿ ತಿರುಗಿ ಎರಚಲು ಜಗಲಿಗೆ ಹೊಡೆಯಿತು. “ಅವರ ಕೋಣೆಯೊಳಗೆ ಇಡುವ” ಎಂದೆ.

ಕಜೆಟನ್ ಅನುಮಾನಿಸಿದರು. “ಕೋಣೆಯೊಳಗಾ? ಹೊಗೆ ಆಗುದಿಲ್ವಾ ಟೀಚರೆ?”

“ಗೆರಟೆ ಕೆಂಡಕ್ಕೆ ಹೊಗೆ ಇಲ್ಲ. ನಮ್ಮಲ್ಲಿ ಯಾವಾಗಲೂ ಒಳಗೇ ಇಡುವುದು.”

ಎಷ್ಟು ಧೈರ್ಯದಿಂದ ಹೇಳಿದೆ ಎಂದು ಈಗ ನೆನೆದರೆ ನನಗೇ ನಗು ಬರುತ್ತದೆ.

ಜುಲೈ 17, ಗುರುವಾರ

ಮೆಟ್ಟಿಲು ಎರಡು. ಬೆಳಿಗ್ಗೆ ಮನೆಕೆಲಸ ನೋಡಲು ಕಾಟಿಪಳ್ಳಕ್ಕೆ ಹೋದ ಇಮ್ತಿಯಾಝ್ ಸಂಜೆ ಆಚೆ ದಡದಲ್ಲೇ ಉಳಿದರು. ಸೆಳೆತ ಜೋರಾಗಿ ದೋಣಿ ನಿಲ್ಲಿಸಿದ್ದಾರೆ. ಜನರೇಟರಿಗೆ ಡೀಸೆಲ್ ಸಹ ಆಚೆಯೇ.

ಹನಾನ್‌ಗೆ ತಲೆನೋವು. ಹವೆ ಬದಲಾದದ್ದು ಎನ್ನುತ್ತಾರೆ ಮುಮ್ತಾಝ್. ನಿನ್ನೆ ನಾನು ಅವಳನ್ನು ಮಾಡಿನ ನೀರಿಗೆ ಕೈ ಒಡ್ಡಲು ಬಿಟ್ಟಿದ್ದೆ. ಅದರಿಂದಲೇ ಇರಬೇಕು.

ಜುಲೈ 18, ಶುಕ್ರವಾರ

ಬೆಳಿಗ್ಗೆ ಎದ್ದಾಗ ಸಫಾಳಿಗೂ ತಲೆನೋವು. ಎರಡು ಸಲ ವಾಂತಿ ಮಾಡಿದಳು. ಮುಮ್ತಾಝ್‌ಗೂ ತಲೆ ಭಾರ, ಗೋಡೆ ಹಿಡಿದು ನಡೆಯುತ್ತಾರೆ.

ಲಿಡಿಯಾ ಬಾಯಿ ಅಡುಗೆಮನೆಯಲ್ಲಿ ಕಜೆಟನ್‌ರನ್ನು ಹಿಡಿದುಕೊಂಡರು. “ಮೊನ್ನೆ ಸಾರಿಗೆ ಹಾಕಿದ ಮರುವಾಯಿ ಚಿಪ್ಪು ಎಲ್ಲಿಂದ ತಂದದ್ದು? ಈ ಕೆಂಪು ನೀರಿಂದಾ?”

“ಬಾಯಿ, ಅದೇ ಮರುವಾಯಿ ನಾನೂ ತಿಂದಿದ್ದೇನೆ. ನೀವೂ ತಿಂದಿದ್ದೀರಿ, ಎರಡು ಸಲ ಹಾಕಿಸ್ಕೊಂಡು.”

“ನನ್ನ ಹೊಟ್ಟೆ ಬೇರೆ, ಅವರದ್ದು ಬೇರೆ.”

ಹತ್ತು ಗಂಟೆಗೆ ಮಕ್ಕಳನ್ನು ಜಗಲಿಗೆ ಕರೆತಂದೆ. ಚಾಪೆಯ ಮೇಲೆ ಮಲಗಿಸಿ ಮಿಂಚಿಗೂ ಗುಡುಗಿಗೂ ನಡುವೆ ಎಷ್ಟು ಎಣಿಕೆ ಎಂದು ಎಣಿಸಿದೆವು. ಹನ್ನೆರಡಕ್ಕೆ ಇಬ್ಬರೂ ಎದ್ದು ಕೂತು ಗಂಜಿ ಕುಡಿದರು. ವಿಮಾನ ಹಾರಿಸಿದೆವು. ಕ್ಯಾಪ್ಟನ್ ಶ್ರೀಲಕ್ಷ್ಮಿ ಎಂದು ಲೋಟದಲ್ಲಿ ಹೇಳಿದೆ. ಊಟದ ನಂತರ ಕೋಣೆಗೆ ಹೋಗಿ ಮಲಗಿ ಎದ್ದರು. ಮತ್ತೆ ತಲೆನೋವು.

ಜಗಲಿಯಲ್ಲಿ ಇಲ್ಲ, ಕೋಣೆಯಲ್ಲಿ ಉಂಟು. ಏಕೆ? ಹಾಸಿಗೆಯ ಮುಗ್ಗಲೇ? ಹೇಳಬೇಕೆಂದುಕೊಂಡು ಲಿಡಿಯಾ ಬಾಯಿಯ ಬಾಗಿಲಿನವರೆಗೆ ಹೋದೆ. ಅವರು ಫೋನಿನಲ್ಲಿದ್ದರು. ಹಿಂದೆ ಬಂದೆ.

ಮೆಟ್ಟಿಲು ಒಂದು. ಹೊಳೆ ಕೆಂಪಗೆ, ಮರದ ದಿಮ್ಮಿಗಳನ್ನು ಹೊತ್ತು ಹೋಗುತ್ತಿದೆ. ಅದನ್ನೇ ನೋಡುತ್ತ ಕೂತಿದ್ದೇನೆ.

ಜುಲೈ 19, ಶನಿವಾರ

ಅತ್ತಾವರದ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಆಟಗಳ ಪಟ್ಟಿಯ ಹಿಂಬದಿಯಲ್ಲಿ. ಮೂವರೂ ಬದುಕಿದ್ದಾರೆ.

ಕ್ರಮವಾಗಿ ಬರೆಯಬೇಕು.

ಊಟದ ನಂತರ ಮುಮ್ತಾಝ್ ಮಕ್ಕಳನ್ನು ಕರೆದುಕೊಂಡು ಮಲಗಲು ಹೋದರು. ಬುಟ್ಟಿಯ ಮೇಲೆ ಅವರ ಬಟ್ಟೆ ಇತ್ತು. ಕಜೆಟನ್ ಹೊಸ ಕೆಂಡ ತಂದಿಟ್ಟಿದ್ದರು. ಮೂರು ಗಂಟೆಗೆ ವಿಮಾನ ಎಂದು ಗೊತ್ತುಮಾಡಿದ್ದೆವು. ಮೂರಾಯಿತು, ಮೂರೂವರೆಯಾಯಿತು. ಹನಾನ್ ಆಟಕ್ಕೆ ತಡಮಾಡುವ ಮಗು ಅಲ್ಲ.

ಬಾಗಿಲ ಬಳಿ ಹೋಗಿ ಎರಡು ಸಲ ಮೆಲ್ಲಗೆ ತಟ್ಟಿದೆ. ಉತ್ತರವಿಲ್ಲ. ಮಲಗಿದವರನ್ನು ಎಬ್ಬಿಸಬಾರದು, ಅದೂ ಅತಿಥಿಗಳನ್ನು ಎಂದು ಮತ್ತೆ ಬಂದು ಕುರ್ಚಿಯಲ್ಲಿ ಕೂತೆ. ಹತ್ತು ನಿಮಿಷ ಕೂತಿದ್ದೆ. ಈ ಹತ್ತು ನಿಮಿಷವನ್ನು ಬೇರೆ ಯಾರಿಗೂ ಹೇಳಲಾರೆ.

ಆಮೇಲೆ ಮನೆಯನ್ನು ಸುತ್ತಿ, ಮಳೆಯಲ್ಲಿ, ಕಿಟಕಿಯ ಬಳಿ ಹೋದೆ. ಗಾಜಿಗೆ ಹಣೆ ಒತ್ತಿ ನೋಡಿದೆ. ಹನಾನ್‌ಳ ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ದಿಂಬಿನ ಮೇಲೆ ವಾಂತಿ. ವಾಂತಿಯಲ್ಲೇ ಕೆನ್ನೆಯಿಟ್ಟು ಮಲಗಿದ್ದಳು, ಎದ್ದಿರಲಿಲ್ಲ. ಮಂಚದ ಪಕ್ಕದಲ್ಲಿ ಬುಟ್ಟಿ, ಅದರ ಮೇಲೆ ಹಳದಿ ಫ್ರಾಕು, ಬುಟ್ಟಿಯ ಕಣ್ಣುಗಳಲ್ಲಿ ಕೆಂಪು.

ನಮ್ಮ ಮನೆಯ ಹೆಂಚಿನ ಸಂದುಗಳಿಂದ ಬೆಳಿಗ್ಗೆ ಬಿಸಿಲು ಕೋಲಿನಂತೆ ಒಳಗೆ ಇಳಿಯುತ್ತದೆ. ಆ ಕ್ಷಣ ನನಗೆ ಕಂಡದ್ದು ಅದು. ಈ ಕೋಣೆಗೆ ಒಂದು ಸಂದೂ ಇಲ್ಲ.

ಜಗಲಿಯಿಂದ ದಪ್ಪ ಮರದ ಚೆನ್ನೆಮಣೆ ತಂದು ಗಾಜಿಗೆ ಹೊಡೆದೆ. ಎರಡನೇ ಪೆಟ್ಟಿಗೆ ಒಡೆಯಿತು. ಕೂಗಿದ್ದು ಯಾರು ಎಂದು ಲಿಡಿಯಾ ಬಾಯಿ ಆಮೇಲೆ ಕೇಳಿದರು. ಯಾರೋ ಕೂಗುತ್ತಿದ್ದದ್ದು ನನಗೂ ಕೇಳಿಸಿತ್ತು. ಕಜೆಟನ್ ಓಡಿ ಬಂದು ಬಾಗಿಲು ಒದ್ದು ಚಿಲಕ ಕಿತ್ತರು. ಮೂವರನ್ನೂ ಜಗಲಿಗೆ ಎಳೆದೆವು. ಸಫಾ ಕೆಮ್ಮಿ ಕಣ್ಣು ತೆರೆದಳು. ಮುಮ್ತಾಝ್ ನರಳಿದರು. ಹನಾನ್ ಏನೂ ಮಾಡಲಿಲ್ಲ, ಉಸಿರು ಮಾತ್ರ ಇತ್ತು.

“ದೋಣಿ” ಎಂದೆ.

“ಮೆಟ್ಟಿಲೇ ಕಾಣುದಿಲ್ಲ ಟೀಚರೆ.”

“ದೋಣಿ ಬಿಚ್ಚಿ.”

ಅವರು ನನ್ನ ಮುಖ ನೋಡಿ ಬಿಚ್ಚಿದರು. ಲಿಡಿಯಾ ಬಾಯಿ ಆಂಬುಲೆನ್ಸಿಗೆ ಫೋನು ಮಾಡಿದರು. ದೋಣಿ ಅಡ್ಡ ತಿರುಗಿ ಬಹಳ ಕೆಳಗೆ ಹೋಗಿ ಆಚೆ ದಡ ಮುಟ್ಟಿತಂತೆ. ನಾನು ದೋಣಿಯಲ್ಲಿ ಹನಾನ್‌ಳನ್ನು ಮಡಿಲಲ್ಲಿಟ್ಟು ಅವಳ ಉಸಿರು ಎಣಿಸುತ್ತಿದ್ದೆ. ಇನ್ನೂರ ಹನ್ನೊಂದರವರೆಗೆ ಎಣಿಸಿದ್ದು ನೆನಪಿದೆ.

ಆಮ್ಲಜನಕ ಕೊಟ್ಟಿದ್ದಾರೆ. ಹನಾನ್ ಆರು ಗಂಟೆಗೆ ಕಣ್ಣು ಬಿಟ್ಟಳು. ಕೆಂಡದಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ ಎಂದರು ಡಾಕ್ಟರು. ಇನ್ನು ಸ್ವಲ್ಪ ಹೊತ್ತು ಕಳೆದಿದ್ದರೆ ಕಷ್ಟವಿತ್ತು ಎಂದೂ ಹೇಳಿದರು. ಆಮೇಲೆ ಕೇಳಿದರು, “ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟದ್ದು ಯಾರು?”

ಲಿಡಿಯಾ ಬಾಯಿ ಕಜೆಟನ್‌ರನ್ನು ನೋಡಿದರು. ಸುದ್ದಿ ತಿಳಿದು ನೇರ ಆಸ್ಪತ್ರೆಗೆ ಬಂದಿದ್ದ ಇಮ್ತಿಯಾಝ್ ಎದ್ದು ನಿಂತರು. “ನೀನಾ?”

“ಹೌದು, ನಾನೇ ಇಟ್ಟದ್ದು” ಎಂದರು ಕಜೆಟನ್. ಅಂಗಿಯಿಂದ ನೀರು ಇಳಿಯುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ.

“ನನ್ನ ಕೆಲಸವೇ ಇದು. ಐನೂರು ಜನರಿಗೆ ಇದನ್ನೇ ಹೇಳಿಕೊಡ್ತೇನೆ, ಗೊತ್ತುಂಟಾ? ಇವತ್ತು ನನ್ನ ಮನೆಯಿಂದ ಮೂರು ಹೆಣ ಹೋಗ್ತಿತ್ತು.” ಇಮ್ತಿಯಾಝ್ ಧ್ವನಿ ಏರಿಸಲಿಲ್ಲ. ನನ್ನ ಕಡೆ ತಿರುಗಿ ಕೈಮುಗಿದರು. “ನೀವು ಇಲ್ಲದಿದ್ರೆ ಉಳಿಯುತ್ತಿರಲಿಲ್ಲ.”

ನಾನು ತಲೆ ಆಡಿಸಿದೆ.

ಜುಲೈ 20, ಭಾನುವಾರ

ಮುಮ್ತಾಝ್ ಮಾತಾಡುತ್ತಾರೆ. ಇಮ್ತಿಯಾಝ್ ಔಷಧಿಗೆ ಹೋದಾಗ ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡರು. ಸಫಾ ನಿದ್ದೆಯಲ್ಲಿದ್ದಳು.

“ನೀನು ಹೇಳಿದ್ದು ಅಂತ ನಾನು ಹೇಳುದಿಲ್ಲ.”

ನಾನು ಸಫಾಳ ಕಡೆ ನೋಡಿದೆ.

“ಕಿಟಕಿ ಹಾಕಿದ್ದು ನಾನು. ಗುಡುಗಿಗೆ ಸಣ್ಣದು ಹೆದರ್ತದೆ ಅಂತ. ಚಿಲಕ ಹಾಕಿದ್ದೂ ನಾನೇ. ಇವರು ಅಲ್ಲಿ ಮನೆಯಲ್ಲಿ ಒಂದು ಅಗರಬತ್ತಿ ಹಚ್ಚಿದ್ರೂ ಕಿಟಕಿ ತೆಗಿ ಅಂತಾರೆ. ಹದಿಮೂರು ವರ್ಷ ಹೇಳಿದ್ದಾರೆ. ಗೊತ್ತಾದ್ರೆ ಮಕ್ಕಳನ್ನು ಇನ್ನು ನನ್ನ ಕೈಯಲ್ಲಿ ಬಿಡುದಿಲ್ಲ. ನೀನೂ ಹೇಳ್ಬೇಡ, ನಾನೂ ಹೇಳುದಿಲ್ಲ. ಕಜೆಟನ್‌ಗೆ ಬೇರೆ ಕಡೆ ಕೆಲಸ ಸಿಗ್ತದೆ.”

“ಆಯಿತು” ಎಂದೆ. ಹೇಳಿದ ತಕ್ಷಣ ಮೈ ಹಗುರಾಯಿತು. ಹಗುರಾದದ್ದು ನಿಜ, ಸುಳ್ಳು ಬರೆಯಬಾರದು.

ಜುಲೈ 21, ಸೋಮವಾರ

ಮನೆ. ಅಪ್ಪ ದೇವಸ್ಥಾನದಲ್ಲಿ ಎಲ್ಲರಿಗೂ ಹೇಳಿದ್ದಾರೆ. ಯಾರೋ ಬಂದು ನನ್ನ ಕೈಗೆ ಪ್ರಸಾದ ಕೊಟ್ಟು “ಮೂರು ಜೀವ ಉಳಿಸಿದವಳು” ಎಂದರು. ಅಮ್ಮ ಊರ್ಮಿಳಾ ನನ್ನ ಇಷ್ಟದ ಪತ್ರೊಡೆ ಮಾಡಿದ್ದರು. ತಿನ್ನಲಾಗಲಿಲ್ಲ.

ಲಿಡಿಯಾ ಬಾಯಿಯ ಫೋನು. ನಾಳೆ ಡಿಸ್ಚಾರ್ಜ್ ಆದ ಮೇಲೆ ಇಮ್ತಿಯಾಝ್ ಪೊಲೀಸರಿಗೆ ಬರೆದು ಕೊಡುತ್ತಾರಂತೆ, ಕಜೆಟನ್ ಮೇಲೆ. “ನಾನು ಇನ್ನು ಬರ್ಬೇಡ ಅಂದೆ ಅವನಿಗೆ. ಇಪ್ಪತ್ತು ವರ್ಷದಿಂದ ಇದ್ದವ. ಒಂದು ಮಾತು ಎದುರು ಹೇಳ್ಲಿಲ್ಲ ಮಾರಾಯ್ತಿ. ದೋಣಿಯ ಹುಟ್ಟು ಗೋಡೆಗೆ ಒರಗಿಸಿಟ್ಟು ಹೋದ.”

ಅಮ್ಮನನ್ನು ಕೇಳಿದೆ, ನಮ್ಮಲ್ಲಿ ಕೆಂಡ ಇಟ್ಟಾಗ ಯಾರಿಗಾದರೂ ತಲೆನೋವು ಬಂದದ್ದುಂಟೇ ಎಂದು. “ಈ ಗಾಳಿ ಹೊಡೆಯುವ ಮನೆಯಲ್ಲಾ?” ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿದರು. “ಎಂತ ಆಯ್ತು ನಿನಗೆ?”

ಹೇಳಿದೆ. ಅಮ್ಮ ಪತ್ರೊಡೆಯ ತಟ್ಟೆ ಮುಚ್ಚಿಟ್ಟರು. “ಆ ಮಗು ಹೋಗ್ತಿದ್ರೆ?” ಎಂದು ಮಾತ್ರ ಕೇಳಿದರು.

ಹೆದರಿಕೆಯೆಂದರೆ ಹೊಳೆ, ದೋಣಿ, ಮೂರನೇ ಬೆಂಚು ಎಂದುಕೊಂಡಿದ್ದೆ. ಈಗಿನದು ಬೇರೆ. ಕಣ್ಣು ಮುಚ್ಚಿದರೆ ಕಜೆಟನ್ ನನ್ನ ಕಡೆ ನೋಡದೆ ನಿಂತದ್ದೇ ಕಾಣುತ್ತದೆ.

ಜುಲೈ 22, ಮಂಗಳವಾರ

ಬೆರಳು ನೋಯುತ್ತಿದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆಗೆ ಹೋದೆ. ಇಮ್ತಿಯಾಝ್ ಚೀಲ ಕಟ್ಟುತ್ತಿದ್ದರು. ಮಕ್ಕಳು ಇಡ್ಲಿ ತಿನ್ನುತ್ತಿದ್ದರು. ಹನಾನ್ ಎರಡನೆಯದಕ್ಕೆ ಜಗಳವಾಡುತ್ತಿದ್ದಳು. ಮುಮ್ತಾಝ್ ನನ್ನನ್ನು ಕಂಡು ತಲೆಯ ಶಾಲು ಸರಿಪಡಿಸಿಕೊಂಡರು. ನಾನು ಯಾಕೆ ಬಂದೆನೆಂದು ಅವರಿಗೆ ಗೊತ್ತಾಯಿತು.

“ಕೆಂಡ ಇಡಲು ಹೇಳಿದವಳು ನಾನು” ಎಂದೆ.

ಇಮ್ತಿಯಾಝ್‌ಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. “ಬಟ್ಟೆಗೆ ಕೆಂಡ ಇಡುವ ಉಪಾಯ ನನ್ನದು. ಜಗಲಿಯಿಂದ ಕೋಣೆಯೊಳಗೆ ತರಿಸಿದ್ದೂ ನಾನು. ಹೊಗೆ ಆಗುವುದಿಲ್ಲವೇ ಎಂದು ಕಜೆಟನ್ ಕೇಳಿದ್ದರು. ಇಲ್ಲ ಎಂದೆ. ಅವರು ನನ್ನ ಮಾತು ಕೇಳಿ ಇಟ್ಟದ್ದು. ಮತ್ತೆ, ಶನಿವಾರ ನಾನು ಬಾಗಿಲು ತಟ್ಟಿ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ.”

ಹನಾನ್ ಇಡ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಪಕ್ಕದ ಮಂಚದವರೂ ನೋಡುತ್ತಿದ್ದರು.

ಇಮ್ತಿಯಾಝ್ ಮಂಚದ ತುದಿಯಲ್ಲಿ ಕೂತರು. ಚೀಲವನ್ನು ಕಾಲಿನಿಂದ ತಳ್ಳಿದರು. ಹೊಡೆಯುತ್ತಾರೆ ಎಂದುಕೊಂಡೆ. “ಬರೆದು ಕೊಡ್ತೀರಾ?” ಎಂದರು.

“ಕೊಡುತ್ತೇನೆ.”

ಕಂಪ್ಲೇಂಟಿಗೆಂದು ತಂದಿದ್ದ ಹಾಳೆಗಳನ್ನು ನನ್ನ ಕಡೆ ಚಾಚಿದರು. ಸ್ಟೂಲಿನ ಮೇಲೆ ಇಟ್ಟು, ನೆಲದಲ್ಲಿ ಕೂತು ಬರೆದೆ. ಬುಧವಾರದಿಂದ ಶನಿವಾರದವರೆಗೆ, ಯಾರು ಎಲ್ಲಿ ನಿಂತಿದ್ದರು, ಏನು ಹೇಳಿದರು, ಎಲ್ಲ. ನಾಲ್ಕು ಪುಟವಾಯಿತು. ಕಿಟಕಿ ಯಾರು ಹಾಕಿದರು ಎಂಬಲ್ಲಿ “ಕಿಟಕಿ ಮುಚ್ಚಿತ್ತು” ಎಂದಷ್ಟೇ ಬರೆದೆ. ಅದನ್ನು ಹೇಳಬೇಕಾದವಳು ನಾನಲ್ಲ. ಕೊನೆಯಲ್ಲಿ ಹೆಸರು, ಅಪ್ಪನ ಹೆಸರು, ವಿಳಾಸ ಬರೆದು ಸಹಿ ಹಾಕಿದೆ.

ಇಮ್ತಿಯಾಝ್ ಕೈ ಚಾಚುವ ಮೊದಲೇ ಮುಮ್ತಾಝ್ ಹಾಳೆ ತೆಗೆದುಕೊಂಡರು. ಒಂದೊಂದೇ ಪುಟ ಓದಿದರು. ಓದಿ ಮುಗಿಸಿ “ಪೆನ್ನು ಕೊಡು” ಎಂದರು. ನನ್ನ ಸಹಿಯ ಕೆಳಗೆ, ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರದಲ್ಲಿ ಬರೆದರು: ಕಿಟಕಿ ಮುಚ್ಚಿದ್ದು ನಾನು, ಚಿಲಕ ಹಾಕಿದ್ದು ನಾನು. ಮುಮ್ತಾಝ್.

ಗಂಡನ ಮುಖ ನೋಡದೆ ಹಾಳೆಗಳನ್ನು ಅವರ ಮಡಿಲಿಗೆ ಹಾಕಿದರು.

ಇಮ್ತಿಯಾಝ್ ಕೊನೆಯ ಪುಟವನ್ನು ಎಷ್ಟು ಸಲ ಓದಿದರೋ ತಿಳಿಯದು. “ಅಬ್ಬಾ, ಮನೆಗೆ ಹೋಗುವಾ?” ಎಂದು ಸಫಾ ಕೇಳಿದಳು. ಅವರು ಹಾಳೆಗಳನ್ನು ಮಡಚಿದರು, ಮತ್ತೊಮ್ಮೆ ಮಡಚಿದರು, ಅಂಗಿಯ ಜೇಬಿಗೆ ಹಾಕಿದರು. ಮುಮ್ತಾಝ್ ಗೋಡೆಯ ಕಡೆ ತಿರುಗಿ ಅಳುತ್ತಿದ್ದರು. ಇಮ್ತಿಯಾಝ್ ಕೈ ಚಾಚಿ ಹೆಂಡತಿಯ ಕಾಲಿನ ಮೇಲಿನ ಹೊದಿಕೆ ಎಳೆದು ಸರಿಮಾಡಿದರು.

ಆಮೇಲೆ ನನ್ನನ್ನು ಕೇಳಿದರು. “ಕಜೆಟನ್ ಅವರ ನಂಬರ್ ಉಂಟಾ?”

“ಉಂಟು.”

“ನೀವೇ ಮಾಡಿ. ನಾನು ಮಾಡಿದ್ರೆ ಅವರು ಎತ್ತುದಿಲ್ಲ.”

ಮಾಡಿದೆ. ಮೂರನೇ ರಿಂಗಿಗೆ ಕಜೆಟನ್ ಎತ್ತಿದರು. ನಾನು ಯಾರೆಂದು ಹೇಳುವ ಮೊದಲೇ ಅವರ ಧ್ವನಿ ಬಂತು.

“ಟೀಚರೆ, ಸಣ್ಣದಕ್ಕೆ ಹೇಗುಂಟು ಈಗ?”

ಸ್ಪೀಕರ್ ಒತ್ತಿ ಫೋನನ್ನು ಇಮ್ತಿಯಾಝ್ ಮುಂದೆ ಹಿಡಿದೆ. ಅವರು ತಲೆ ಅಲ್ಲಾಡಿಸಿ, ನೀವೇ ಹೇಳಿ ಎಂದು ಸನ್ನೆ ಮಾಡಿದರು.

“ನೀವೇ ಮಾತಾಡಬೇಕು” ಎಂದು ನಾನು ಫೋನನ್ನು ಅವರ ಕೈಯಲ್ಲಿ ಇಟ್ಟೆ.